ಡಾಕ್ಟರ್ ಮಗಳ ಅಪ್ಪ

ಮೂಲೆ ಸಲೂನಿನವನನ್ನು ಬೀದಿಯವರೆಲ್ಲ ಮಾತಿನಮಲ್ಲ ಅಂತ ಕರೆಯುತ್ತಿದ್ದರು. ಬರಬರುತ್ತಾ ಅದು ಬರೀ ಮಲ್ಲ ಆಯಿತು. ಗಲ್ಲಕ್ಕೆ ನೊರೆ ಹಚ್ಚಿಸಿಕೊಂಡವರು ಬಾಯಿ ತೆಗೆಯುವ ಹಾಗಿರಲಿಲ್ಲ, ಮಲ್ಲ ಮುಚ್ಚುತ್ತಿರಲಿಲ್ಲ.

ತಾಯಿ ಇಲ್ಲದ ಅವನ ಒಬ್ಬಳೇ ಮಗಳಿಗೆ ಆ ವರ್ಷ ಎರಡು ಕಡೆ ಸೀಟು ಸಿಕ್ಕಿತು. ಒಂದು, ಊರಾಚೆಯ ಖಾಸಗಿ ಮೆಡಿಕಲ್ ಕಾಲೇಜು. ಅಪ್ಪ ಮಗಳು ಹೋಗಿ ನೋಡಿ ಬಂದರು. ಅಲ್ಲಿ ಗಾಜಿನ ಬಾಗಿಲು ತಾನಾಗೇ ತೆರೆದುಕೊಂಡಿತು. ಫೀಸು ಕೇಳಿದಾಗ ಮಲ್ಲನ ಬಾಯಿ ತಾನಾಗೇ ಮುಚ್ಚಿಕೊಂಡಿತು. ಸಲೂನಿನ ಜೊತೆ ಮನೆ ಮಾರಿದರೂ ಎರಡನೇ ವರ್ಷ ದಾಟುವಂತಿರಲಿಲ್ಲ. ಇನ್ನೊಂದು, ಸರ್ಕಾರಿ ಆಸ್ಪತ್ರೆಗೆ ಸೇರಿದ ಹಳೇ ಕಾಲೇಜು. ಕಿವಿ ಕೇಳದವರನ್ನು, ಮಾತು ಬಾರದವರನ್ನು ಪರೀಕ್ಷಿಸಿ ತರಬೇತಿ ಕೊಡುವ ಕೆಲಸವನ್ನು ಅಲ್ಲಿ ಕಲಿಸುತ್ತಿದ್ದರು. ಫೀಸು ಹೆಸರಿಗೆ ಮಾತ್ರ.

ಊಟಕ್ಕೆ ಕೂತಾಗ ಮಗಳೇ ಮಾತು ತೆಗೆದಳು. “ಅಪ್ಪ, ನಾನು ಸರ್ಕಾರಿ ಕಾಲೇಜಿಗೇ ಹೋಗ್ತೀನಿ. ಬೇರೆ ದಾರಿ ಇಲ್ಲ ಅಂತಲ್ಲ, ಆ ಕೆಲಸ ನಂಗೆ ಹಿಡಿಸ್ತು. ಓದು ಮುಗಿದ್ರೆ ಆಸ್ಪತ್ರೇಲಿ ಕೆಲಸ ಸಿಗತ್ತೆ. ಆ ಕಡೆ ಹೋದ್ರೆ ನಾನು ಡಾಕ್ಟರ್ ಆಗೋಷ್ಟರಲ್ಲಿ ನೀನು ಬೀದಿಗೆ ಬಂದಿರ್ತೀಯ.”

ಎದೆ ಮೇಲಿನ ಕಲ್ಲು ಇಳಿದ ಹಾಗಾಯಿತು ಮಲ್ಲನಿಗೆ. ಆಮೇಲೆ ಆ ಹಗುರವೇ ಅವನನ್ನು ನಾಚಿಸಿತು. ಕೊಡಲಾಗದ ಅಪ್ಪ, ಮಗಳು ಕೇಳದೇ ಇದ್ದದ್ದಕ್ಕೆ ಖುಷಿಪಟ್ಟನಲ್ಲ!

ಮಗಳು ಹಾಸ್ಟೆಲ್ಲಿಗೆ ಹೋದ ಮರುದಿನ ಎದುರಿನ ದಿನಸಿ ಅಂಗಡಿ ಯಜಮಾನರು ಗಡ್ಡಕ್ಕೆ ಬಂದರು. “ಏನಪ್ಪಾ ಮಲ್ಲ, ಮಗಳನ್ನ ಯಾವುದಕ್ಕೆ ಸೇರಿಸ್ದೆ?”

“ಮೆಡಿಕಲ್‌ಗೆ ಯಜಮಾನ್ರೆ,” ಅಂದುಬಿಟ್ಟ. ಆಸ್ಪತ್ರೆಯ ಓದೇ ತಾನೇ, ಪೂರ್ತಿ ಸುಳ್ಳೇನಲ್ಲ ಅಂತ ಒಳಗೊಳಗೇ ಸಮಾಧಾನ ಮಾಡಿಕೊಂಡ. ಯಜಮಾನರು ನೊರೆ ಮುಖದಲ್ಲೇ ಎದ್ದು ಅವನ ಕೈ ಕುಲುಕಿದರು. ಸಂಜೆಯೊಳಗೆ ಬೀದಿಗೆಲ್ಲ ಅವನು ಡಾಕ್ಟರ್ ಮಗಳ ಅಪ್ಪ.

ವರ್ಷದ ಕೊನೆಗೆ ಯಜಮಾನರು ಮೊಮ್ಮಗಳನ್ನು ಎತ್ತಿಕೊಂಡು ಬಂದರು. ಗುಂಡುಗುಂಡಗಿನ ಮಗು. ಓಡಾಡುತ್ತಿತ್ತು, ನಗುತ್ತಿತ್ತು, ಅಮ್ಮ ಅಂತ ಮಾತ್ರ ಇನ್ನೂ ಅಂದಿರಲಿಲ್ಲ.

“ನಿನ್ನ ಮಗಳು ರಜಕ್ಕೆ ಬಂದಾಗ ಒಂದ್ಸಲ ಇವಳನ್ನ ನೋಡ್ಲಿ ಮಾರಾಯ. ನಮ್ಮ ಸೊಸೆ ದಿನಾ ಅಳ್ತಾಳೆ. ನಂಗೆ ಆಸ್ಪತ್ರೆ ಅಂದ್ರೆ ಆಗಲ್ಲ. ನಿನ್ನ ಮಗಳಾದ್ರೆ ನಮ್ಮೋಳು.”

ಮಲ್ಲನ ಕೈ ನಿಂತಿತು. ಕರೆದರೆ ಅವಳು ಬರುತ್ತಾಳೆ, ಮಗುವನ್ನು ನೋಡುತ್ತಾಳೆ, ಆಮೇಲೆ “ನಾನು ಡಾಕ್ಟರ್ ಅಲ್ಲ, ಓದ್ತಿರೋದು ಕಿವಿ, ಮಾತು ಪರೀಕ್ಷಿಸೋದನ್ನ” ಅನ್ನುತ್ತಾಳೆ. ಅಲ್ಲಿಗೆ ಬಣ್ಣ ಬಯಲು. “ಅವಳಿಗೆ ಪರೀಕ್ಷೆ ಇದೆ. ಫೋನಲ್ಲಿ ಕೇಳ್ತೀನಿ,” ಅಂದ. ಕೇಳಲಿಲ್ಲ. ಯಜಮಾನರು ಮತ್ತೆ ಬಂದಾಗ ಅವರ ಮುಖ ತಪ್ಪಿಸಿ ಕತ್ತಿ ಮಸೆಯುತ್ತಾ ಹೇಳಿದ: “ಕೇಳ್ದೆ ಯಜಮಾನ್ರೆ. ಕೆಲವು ಮಕ್ಕಳು ತಡವಾಗೇ ಮಾತಾಡೋದಂತೆ. ಏನೂ ಭಯ ಇಲ್ಲ ಅಂದ್ಲು.”

“ಅಷ್ಟಂದ್ಲಲ್ಲ, ಸಾಕು ಬಿಡು.” ಯಜಮಾನರು ಮಗುವಿನ ಕೆನ್ನೆ ಹಿಂಡಿದರು. “ಡಾಕ್ಟರಮ್ಮನೇ ಹೇಳಿದ್ಮೇಲೆ ಇನ್ನೇನು.”

ಮತ್ತೊಂದು ವರ್ಷ ಕಳೆಯಿತು. ರಜಕ್ಕೆ ಮಗಳನ್ನು ಕರೆಸದೆ ಮಲ್ಲನೇ ಹಾಸ್ಟೆಲ್ಲಿಗೆ ಹೋಗಿ ನೋಡಿ ಬರುತ್ತಿದ್ದ. ಒಂದು ಭಾನುವಾರ ಮಗಳು ಹೇಳದೆ ಕೇಳದೆ ಬಂದಳು. ಹೆಗಲಿನ ಚೀಲವನ್ನೂ ಇಳಿಸದೆ ಸಲೂನಿನ ಬಾಗಿಲಲ್ಲೇ ನಿಂತಳು. ಒಳಗೆ ಗಿರಾಕಿಗಳು ಯಾರೂ ಇರಲಿಲ್ಲ.

“ಅಪ್ಪ, ದಿನಸಿ ಅಂಗಡಿ ತಾತ ನಿನ್ನೆ ಸೊಸೆ ಜೊತೆ ನಮ್ಮ ಆಸ್ಪತ್ರೆಗೆ ಬಂದಿದ್ರು. ಮಗು ಕಿವಿ ಪರೀಕ್ಷೆಗೆ. ಶಿಶುವಿಹಾರದ ಟೀಚರ್ ಕಳಿಸಿದ್ರಂತೆ. ನಾನು ಮೇಡಂ ಪಕ್ಕದಲ್ಲೇ ಕೂತಿದ್ದೆ.”

ಮಲ್ಲ ಬಾಚಣಿಗೆ ತೊಳೆಯುತ್ತಿದ್ದ. ತೊಳೆಯುತ್ತಲೇ ಇದ್ದ.

“ತಾತ ನನ್ನ ನೋಡಿ ‘ಡಾಕ್ಟರಮ್ಮ, ನೀನಿಲ್ಲಿ?’ ಅಂದ್ರು. ‘ಏನೂ ಭಯ ಇಲ್ಲ ಅಂದಿದ್ಯಲ್ಲಮ್ಮ’ ಅಂದ್ರು. ನಾನು ಯಾವಾಗ ಅಂದೆ ಅಪ್ಪ?”

ಮಲ್ಲ ಬಾಚಣಿಗೆಯನ್ನು ಕನ್ನಡಿ ಮುಂದೆ ಇಟ್ಟ.

“ಆ ಮಗುಗೆ ಕಿವಿ ಕೇಳಲ್ಲ, ಹುಟ್ಟಿದಾಗಿಂದ. ಕಿವಿಗೆ ಮೆಷಿನ್ ಹಾಕಿದ್ರೆ ಸ್ವಲ್ಪ ಕೇಳತ್ತೆ. ಆದ್ರೆ ಎಷ್ಟು ಬೇಗ ಹಾಕ್ತೀವೋ ಅಷ್ಟು ಮಾತು ಬರೋದು. ಒಂದು ವರ್ಷ ಸುಮ್ನೆ ಹೋಯ್ತು.” ಅವಳ ದನಿ ಏರಲಿಲ್ಲ. “ಫೀಸು ಕಟ್ಟೋಕಾಗಲ್ಲ ಅಂತ ನಂಗೆ ಯಾವತ್ತೂ ನಾಚಿಕೆ ಆಗಿರ್ಲಿಲ್ಲ. ನನ್ನ ಓದು ಹೇಳ್ಕೊಳ್ಳೋಕೆ ನಿಂಗೆ ನಾಚಿಕೆ ಅಂತ ಗೊತ್ತಾಯ್ತಲ್ಲ, ಆಗ ಆಯ್ತು.”

ಅವತ್ತೇ ಮಲ್ಲ ರಸ್ತೆ ದಾಟಿ ಹೋದ. ಕಟ್ಟಿಕೊಂಡು ಹೊರಟಿದ್ದ ಪೀಠಿಕೆಯೆಲ್ಲ ಅಂಗಡಿ ಮೆಟ್ಟಿಲಲ್ಲೇ ಉದುರಿಹೋಯಿತು. “ಯಜಮಾನ್ರೆ, ಅವಳು ಮೆಡಿಕಲ್ ಓದ್ತಿಲ್ಲ. ಅಷ್ಟು ಫೀಸು ನನ್ನ ಕೈಲಾಗ್ಲಿಲ್ಲ. ಮಗು ವಿಷಯ ನಾನು ಅವಳನ್ನ ಕೇಳೇ ಇಲ್ಲ. ಭಯ ಇಲ್ಲ ಅಂದಿದ್ದು ನಾನೇ.”

ಯಜಮಾನರು ಸಕ್ಕರೆ ತೂಗುತ್ತಿದ್ದರು. ತೂಗಿ, ಪೊಟ್ಟಣ ಕಟ್ಟಿ, ದಾರ ಹರಿದರು. “ಅವಳು ಡಾಕ್ಟರ್ ಅಲ್ಲ ಅಂದಿದ್ರೆ ನಾನೇನು ನಿನ್ನ ಕೈಲಿ ಗಡ್ಡ ಮಾಡಿಸ್ಕೋತಿರ್ಲಿಲ್ವಾ ಮಲ್ಲ?” ಅಂದರು. ಉತ್ತರಕ್ಕೆ ಕಾಯಲಿಲ್ಲ. ಗುರುತಿಲ್ಲದ ಗಿರಾಕಿಯನ್ನು ಕೇಳುವ ಹಾಗೆ, “ಏನಾದ್ರೂ ಬೇಕಿತ್ತಾ?” ಅಂದರು.

“ಏನಿಲ್ಲ,” ಅಂದು ಮಲ್ಲ ಮೆಟ್ಟಿಲಿಳಿದ.

ಅಂದಿನಿಂದ ಯಜಮಾನರು ಗಡ್ಡಕ್ಕೆ ಬೇರೆ ಬೀದಿಗೆ ಹೋಗತೊಡಗಿದರು. ಮಲ್ಲ ಉಳಿದ ಗಿರಾಕಿಗಳಿಗೆ ತಾನಾಗೇ ನಿಜ ಹೇಳಿದ. ಕೆಲವರು ನಕ್ಕರು. ಕೆಲವರು “ಹೋಗ್ಲಿ ಬಿಡು, ಅದೂ ಒಳ್ಳೇ ಓದೇ” ಅಂದರು. ಆ ಸಮಾಧಾನ ನಗುವಿಗಿಂತ ಹೆಚ್ಚು ಚುಚ್ಚಿತು.

ಮಗುವಿಗೆ ಮೆಷಿನ್ ಬಂತು. ಪ್ರತಿ ವಾರ ಸೊಸೆ ಮಗುವನ್ನು ತರಬೇತಿಗೆ ಕರೆದೊಯ್ಯುತ್ತಿದ್ದಳು. ಕಲಿಸುವವರಲ್ಲಿ ಮಲ್ಲನ ಮಗಳೂ ಇದ್ದಳು. ಮಾತು ನಿಧಾನಕ್ಕೆ, ಒಂದೊಂದೇ ಬರುತ್ತಿತ್ತು. ಒಂದು ಬೆಳಿಗ್ಗೆ ಸೊಸೆ ಮಗುವನ್ನು ಸಲೂನಿಗೆ ಕರೆತಂದಳು. ಮೆಷಿನ್ನಿಗೆ ಕೂದಲು ಸಿಕ್ಕಿಕೊಳ್ಳುತ್ತದಂತೆ, ಕಿವಿ ಸುತ್ತ ಗಿಡ್ಡ ಮಾಡಬೇಕಿತ್ತು. ಯಜಮಾನರು ಎದುರಿಗೆ ತಮ್ಮ ಅಂಗಡಿ ಮುಂದೆ ನಿಂತು ನೋಡುತ್ತಿದ್ದರು, ಈಚೆ ಬರಲಿಲ್ಲ.

ಮೆಷಿನ್ ತೆಗೆಸಿ, ಉಸಿರು ಬಿಗಿಹಿಡಿದು ಮಲ್ಲ ಕತ್ತರಿಯಾಡಿಸಿದ. ತಾಯಿ ಮತ್ತೆ ಮೆಷಿನ್ ಹಾಕಿದ ಮೇಲೆ “ಆಯ್ತು ಪುಟ್ಟಿ,” ಅಂದ. ಮಗು ತಟ್ಟನೆ ತಿರುಗಿ ಅವನ ಬಾಯನ್ನೇ ನೋಡಿತು, ಇನ್ನೊಂದು ಮಾತಿಗೆ ಕಾಯುವ ಹಾಗೆ.

ಸೊಸೆ ದುಡ್ಡು ಚಾಚಿದಳು.

“ಬೇಡಮ್ಮ. ನನ್ನಿಂದ ಇಷ್ಟಾದ್ರೂ...”

“ಕೊಟ್ಟೇ ಬಾ ಅಂದಿದಾರೆ ಮಾವ,” ಅಂದಳು ಅವಳು, ತಗ್ಗಿದ ದನಿಯಲ್ಲಿ.

ಮಲ್ಲ ಕೈ ಒರೆಸಿಕೊಂಡು ತೆಗೆದುಕೊಂಡ.