ತುದಿ ಕಾಣದ ಗಂಟು

ಊರಿನವರು ಕೂಡಿ ಕಟ್ಟಿದ ಟ್ರಸ್ಟಿನ ಕೆಲಸ ಇಷ್ಟೇ: ಕಾಡೋ, ಕೆರೆದಂಡೆಯೋ, ಗುಡ್ಡವೋ ಮಾರಾಟಕ್ಕೆ ಬಂದರೆ ಕೊಳ್ಳುವುದು, ಯಾರಾದರೂ ಕೊಟ್ಟರೆ ಇಟ್ಟುಕೊಳ್ಳುವುದು, ಆಮೇಲೆ ಅಲ್ಲಿ ಒಂದು ಇಟ್ಟಿಗೆಯೂ ಏಳದಂತೆ ಕಾಯುವುದು. ಆ ವರ್ಷ ಊರಾಚೆಯ ಗುಡ್ಡವನ್ನು ಕೊಟ್ಟವಳು ತಂಗಿ. ಅಪ್ಪ ಮನೆಯನ್ನು ಅಕ್ಕನಿಗೂ ಗುಡ್ಡವನ್ನು ತಂಗಿಗೂ ಬಿಟ್ಟುಹೋಗಿದ್ದರು.

ಅಕ್ಕ ಬಟ್ಟೆ ಹೊಲಿಯುವವಳು. ಗುಡ್ಡ ಕೈಬಿಟ್ಟುಹೋದದ್ದಕ್ಕೆ ಅವಳಿಗೇನೂ ಬೇಸರವಿರಲಿಲ್ಲ. ಆದರೆ ಅಳತೆ ಕೊಡಲು ಬಂದವರೆಲ್ಲ ಕೈಯೆತ್ತಿ ನಿಂತು, "ಎಂಥ ದೊಡ್ಡ ಮನಸ್ಸು ಕಣ್ರೀ ನಿಮ್ಮ ತಂಗಿದು!" ಅನ್ನುವುದು ಸೂಜಿಯ ಹಾಗೆ ಚುಚ್ಚುತ್ತಿತ್ತು. ಆ ಹೊಟ್ಟೆಕಿಚ್ಚಿನಲ್ಲಿ ಒಬ್ಬಾಕೆಯ ಲಂಗದ ಸೊಂಟ ಬಿಗಿಯಾಗಿಯೇ ಹೋಯಿತು.

ಗುಡ್ಡಕ್ಕೆ ಬೇಕಾದ ಬಟ್ಟೆಪಟ್ಟಿ ಹರಿದು ಕೊಡುವವಳೂ ಅಕ್ಕನೇ. ಹೊರಗಿನಿಂದ ಬಂದು ನೆಲ ನುಂಗುವ ಗಿಡಕ್ಕೆ ಕೆಂಪು ಪಟ್ಟಿ, ಅಲ್ಲಿಯದೇ ಆದ, ಉಳಿಯಬೇಕಾದ ಗಿಡಕ್ಕೆ ಬಿಳಿ. ಶನಿವಾರ ಇಬ್ಬರೂ ಹೋಗಿ ಕಟ್ಟಿ ಬಂದರೆ, ಭಾನುವಾರ ಊರಿನವರು ಕೆಂಪು ಕಟ್ಟಿದ್ದನ್ನೆಲ್ಲ ಬೇರುಸಮೇತ ಕೀಳುತ್ತಿದ್ದರು.

ಗುಡ್ಡ ಹತ್ತುವಲ್ಲೇ ಒಂದು ಕಾಡುಮಲ್ಲಿಗೆ ಪೊದೆ. ಚಿಕ್ಕವಳಿದ್ದಾಗ ಬೇಸಿಗೆಯುದ್ದಕ್ಕೂ ಡಬ್ಬದಲ್ಲಿ ನೀರು ಹೊತ್ತು ಅದನ್ನು ಬದುಕಿಸಿದವಳು ಅಕ್ಕ. ತಂಗಿ ಆಗ ಅವಳ ಸೊಂಟದ ಮೇಲೆ ಕೂತು ಬೆರಳು ಚೀಪುತ್ತಿದ್ದಳು. ಈಗ ತಂಗಿ ಎಲ್ಲರಿಗೂ 'ಗುಡ್ಡದಮ್ಮ'. ಪೊದೆಯೂ 'ಗುಡ್ಡದಮ್ಮನ ಪೊದೆ'!

ಆ ಶನಿವಾರ ತಂಗಿ ಆಚೆ ಇಳಿಜಾರಿನಲ್ಲಿದ್ದಾಗ ಅಕ್ಕ ಪೊದೆಯ ಬುಡಕ್ಕೆ ಕೆಂಪು ಕಟ್ಟಿಬಿಟ್ಟಳು. ನನ್ನದಲ್ಲವೆಂದ ಮೇಲೆ ಇವಳದೂ ಆಗುವುದು ಬೇಡ. ಆದರೆ ಕೈ ತನ್ನ ಅಭ್ಯಾಸ ಬಿಡಲಿಲ್ಲ, ಗಂಟಿನ ತುದಿಗಳನ್ನು ಒಳಕ್ಕೆ ತೂರಿಸಿ ಅಡಗಿಸಿತು. ಊರಲ್ಲಿ ಹಾಗೆ ಕಟ್ಟುವವರು ಇನ್ನೊಬ್ಬರಿಲ್ಲ. ಅದು ಅವಳಿಗೆ ಹೊಳೆದದ್ದು ಮನೆ ಸೇರಿ ಕಾಲು ತೊಳೆಯುವಾಗ.

ಮಾರನೆಯ ದಿನ ಟ್ರಸ್ಟಿನ ಕಾರ್ಯದರ್ಶಿ, ನಿವೃತ್ತ ಪೋಸ್ಟ್‌ಮಾಸ್ತರರು, ಗುದ್ದಲಿ ಹಿಡಿದು ಪೊದೆಯೆದುರು ತಬ್ಬಿಬ್ಬಾಗಿ ನಿಂತಿದ್ದರು.

"ಇದಕ್ಯಾರ್ರೀ ಕೆಂಪು ಕಟ್ಟಿದ್ದು?"

ತಂಗಿಯೊಡನೆ ಬಂದಿದ್ದ ಅಕ್ಕ ಸರಸರನೆ ಮುಂದಕ್ಕೆ ನಡೆದಳು. ಬಗ್ಗಿ ನೋಡಿದರೆ ಗಂಟು ಅವಳದಲ್ಲ! ಎರಡು ತುದಿಗಳೂ ಮೊಲದ ಕಿವಿಯ ಹಾಗೆ ಜೋತುಬಿದ್ದಿದ್ದವು. ಜಡೆಗೆ ರಿಬ್ಬನ್ ಕಟ್ಟುವ ಕಾಲದಿಂದ ತಂಗಿಯ ಗಂಟು ಹಾಗೆಯೇ.

"ನಾನೇ ಸಾರ್," ಅಂದಳು ತಂಗಿ. "ಕೀಳಿ, ಪರವಾಗಿಲ್ಲ."

ಅಕ್ಕ ಅವಳ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದಳು. "ಗಂಟು ಯಾಕೆ ಬದಲಾಯಿಸ್ದೆ?"

"ಜನ ನಿನ್ನ ಮೇಲೆ ಬೆರಳು ತೋರಿಸೋದು ಬೇಡ ಅಂತ."

"ಬಿಳಿ ಕಟ್ಟಬಹುದಿತ್ತಲ್ಲ?"

"ನೀರು ಹಾಕಿದ್ದು ನೀನು ಅಕ್ಕಾ. ಇಟ್ಕೊಳ್ಳೋದು, ಕೀಳೋದು ನಿನ್ನಿಷ್ಟ."

ಅಕ್ಕನಿಗೆ ಮೈಯೆಲ್ಲ ಉರಿಯಿತು. ಇದರಲ್ಲೂ ಇವಳದೇ ಒಂದು ಕೈ ಮೇಲು! ಅಷ್ಟರಲ್ಲಿ ಗುದ್ದಲಿ ಮೇಲೆದ್ದಿತ್ತು.

"ನಿಲ್ಸ್ರೀ!" ಎಂದು ಓಡಿಬಂದು ಅವಳು ಪೊದೆಗೂ ಗುದ್ದಲಿಗೂ ನಡುವೆ ಮೊಣಕಾಲೂರಿ ಕೂತಳು. "ಕೆಂಪು ಕಟ್ಟಿದ್ದು ನಾನು. ಬೇಕಂತಲೇ ಕಟ್ಟಿದ್ದು. ಇವಳಿಗೆ ಗಂಟು ಹಾಕೋಕೂ ಬರಲ್ಲ, ಸುಳ್ಳು ಹೇಳೋಕೂ ಬರಲ್ಲ."

ಕೆಂಪನ್ನು ಕಿತ್ತೆಸೆದು ಚೀಲದಿಂದ ಬಿಳಿ ಪಟ್ಟಿ ತೆಗೆದಳು. ಪೋಸ್ಟ್‌ಮಾಸ್ತರರು ಏನನ್ನೂ ಕೆದಕಲಿಲ್ಲ. ಗುದ್ದಲಿ ಇಳಿಸಿ, ಅವಳ ಮೊಣಕಾಲಡಿಯ ಮುಳ್ಳುಕಡ್ಡಿಯನ್ನು ಮೆಲ್ಲಗೆ ಸರಿಸಿದರು. ಆದರೆ ಬಾಯಿ ಸುಮ್ಮನಿರಬೇಕಲ್ಲ: "ಆದ್ರೂ ಅಕ್ಕನ ತಪ್ಪನ್ನ ತನ್ನ ಮೇಲೆ ಎಳ್ಕೊಂಡ್ರಲ್ಲ, ಎಂಥ ದೊಡ್ಡ ಮನಸ್ಸು ನಿಮ್ಮ ತಂಗಿದು!"

ಅಕ್ಕ ಹಲ್ಲು ಕಚ್ಚಿ ಪಟ್ಟಿಯನ್ನು ಜಗ್ಗಿ ಎಳೆದಳು.

"ಅಕ್ಕಾ, ಅಷ್ಟು ಬಿಗೀಬೇಡ. ಗಿಡಕ್ಕೆ ಉಸಿರು ಕಟ್ಟುತ್ತೆ."

"ಕಟ್ಟಲಿ," ಅಂದಳು ಅಕ್ಕ. ಆಮೇಲೆ ಗಂಟಿನಡಿಗೆ ತನ್ನ ಬೆರಳು ತೂರಿಸಿ ಅಷ್ಟು ಜಾಗ ಬಿಟ್ಟು, ತುದಿಗಳನ್ನು ಒಳಕ್ಕೆ ಅಡಗಿಸಿದಳು.