ಉಂಗುರದಕ್ಕನ ಬಲೆ

ತನ್ನಕ್ಕನ ಕೂದಲು ಬಾಚುತ್ತಿದ್ದ ಚಿಕ್ಕಮ್ಮನ ಬಾಚಣಿಗೆಗೆ ಪುಟ್ಟ ಗರಿಯೊಂದು ಸಿಕ್ಕಿತು.

"ಸತ್ತ ಮೇಲೂ ಈ ಹಕ್ಕಿಗಳು ನಮ್ಮಕ್ಕನ್ನ ಬಿಡ್ಲಿಲ್ಲ ನೋಡು," ಎಂದು ನಗಲು ಹೋಗಿ ಅತ್ತಳು.

ಸತ್ತವಳ ಮಗಳು ಆ ಗರಿಯನ್ನು ಅಮ್ಮನ ಮಡಿಸಿದ ಕೈಯೊಳಗೆ ಇಟ್ಟಳು. ವಸಂತ ಆಗತಾನೇ ಕಾಲಿಟ್ಟಿತ್ತು. ವಲಸೆ ಹಕ್ಕಿಗಳನ್ನು ಬಲೆಯಲ್ಲಿ ಹಿಡಿದು, ಕಾಲಿಗೆ ನಂಬರಿನ ಉಂಗುರ ತೊಡಿಸಿ ಬಿಡುವುದು ಅಮ್ಮನ ಕೆಲಸ. ಎಲ್ಲರಿಗೂ ಅವಳು ಉಂಗುರದಕ್ಕ. ಅಂದು ಬೆಳಗ್ಗೆ ಮನೆಯ ಹಿಂದಿನ ಪಕ್ಷಿಧಾಮದಲ್ಲಿ, ಜೊಂಡಿನ ನಡುವೆ ಬಲೆ ಹರಡಿ ಸ್ಟೂಲಿನ ಮೇಲೆ ಕೂತವಳು ಕೂತಲ್ಲೇ ಹೋಗಿದ್ದಳು.

"ರಜೆ ಮುಗೀತು, ನಾಳೆ ಪಟ್ಟಣಕ್ಕೆ ಕೆಲಸಕ್ಕೆ ವಾಪಸ್ ಹೋಗ್ತೀನಿ ಅಂತ ಮಾತ್ರ ಅನ್ಬೇಡ ಕಣೇ," ಎಂದಳು ಚಿಕ್ಕಮ್ಮ. "ನಿಮ್ಮಪ್ಪನ ಗಂಟೆಗೆ ಇನ್ಯಾರು ಓಗೊಡ್ತಾರೆ?"

ಅಷ್ಟರಲ್ಲೇ ಒಳಗೆ ಗಂಟೆ ಬಾರಿಸಿತು.

"ಬಂದೆ," ಎಂದಳು ಮಗಳು. ಥೇಟ್ ಅಮ್ಮನ ದನಿ. ಕೂತಿದ್ದವರೆಲ್ಲ ತಿರುಗಿ ನೋಡಿದರು.

*

ಅಪ್ಪ ಹಾಸಿಗೆ ಹಿಡಿದು ಹನ್ನೊಂದು ವರ್ಷ. ಏನಾದರೂ ಬೇಕಾದಾಗ ಅವನು ಬಾರಿಸುವ ಗಂಟೆ ಜೊಂಡಿನ ತನಕ ಕೇಳುತ್ತಿತ್ತು.

ಹೋದ ವಸಂತದಲ್ಲಿ ಅಮ್ಮ ಗುಬ್ಬಿಗಿಂತ ಚಿಕ್ಕದಾದ ಒಂದು ಉಲಿಯಕ್ಕಿಯನ್ನು ಮಗಳ ಅಂಗೈ ಮೇಲೆ ಅಂಗಾತ ಮಲಗಿಸಿ ತನ್ನ ಕೈ ತೆಗೆದಿದ್ದಳು. ಅದು ಹಾರಲಿಲ್ಲ.

"ಬಿಟ್ಟಿದ್ದೀವಿ ಅಂತ ಅದಕ್ಕಿನ್ನೂ ಗೊತ್ತಾಗಿಲ್ಲ. ಸ್ವಲ್ಪ ಕಾಯ್ಬೇಕು."

ಗಂಟೆ ಬಾರಿಸಿತು. "ಬಂದೆ ರೀ," ಎಂದು ಅಮ್ಮ ಓಡಿದ್ದಳು. ಹಕ್ಕಿ ಹಾರಿದ್ದನ್ನು ಅವಳು ನೋಡಲಿಲ್ಲ.

*

"ಬಲೆ ಸುತ್ತಿಟ್ರಾ?" ಅಪ್ಪ ಕೇಳಿದ.

ಬಾಗಿಲಲ್ಲಿ ನಿಂತಿದ್ದ ಪಕ್ಷಿಧಾಮದ ದೋಣಿಯವನು ನಾಲಿಗೆ ಕಚ್ಚಿಕೊಂಡ. "ಅಕ್ಕನ್ನ ಎತ್ಕೊಂಡು ಬರೋ ಗಾಬ್ರೀಲಿ ಮರ್ತೇಬಿಟ್ಟೆ ಯಜಮಾನ್ರೇ. ಸಿಕ್ಕಿರೋ ಹಕ್ಕೀನ ಬಿಡ್ಸೋದು ನನ್ನ ಕೈಲಾಗಲ್ಲ. ಹುಟ್ಟು ಹಾಕೋ ಕೈ ಇದು, ಅದರ ಕಾಲು ಮುರ್ದೇಹೋಗುತ್ತೆ."

"ಇಪ್ಪತ್ತು ನಿಮಿಷಕ್ಕೊಂದ್ಸಲ ಹೋಗಿ ನೋಡ್ತಿದ್ಲು ಅವಳು." ಅಪ್ಪ ಗೋಡೆಯ ಗಡಿಯಾರ ನೋಡಿದ. "ಆಗ್ಲೇ ಮೂರು ಸಲ ತಪ್ಪಿದೆ. ನೀನು ಹೋಗಮ್ಮ."

"ಹೆಣ ಮನೇಲಿದೆ, ಇವಳು ಎಲ್ಲಿಗೆ ಹೋಗೋದು?" ಚಿಕ್ಕಮ್ಮ ಅಡ್ಡ ನಿಂತಳು. "ನಿಮಗೇನಾದ್ರೂ ಬೇಕಾದ್ರೆ ಭಾವ?"

ಅಪ್ಪ ಗಂಟೆ ಎತ್ತಿ ಚಿಕ್ಕಮ್ಮನ ಕೈಗೆ ಕೊಟ್ಟ. "ಇದನ್ನ ನೀನೇ ಇಟ್ಕೋ. ಇನ್ನು ಇವಳನ್ನ ಕರೆಯಲ್ಲ ನಾನು."

ಬಲೆಯಲ್ಲಿ ನಾಲ್ಕು ಹಕ್ಕಿಗಳಿದ್ದವು. ಒಂದು ತಣ್ಣಗಾಗಿತ್ತು. ಎರಡು ಬಿಡಿಸಿದೊಡನೆ ಹಾರಿಹೋದವು. ಕೊನೆಯದು ಉಲಿಯಕ್ಕಿ. ಮಗಳು ಅದನ್ನು ಅಂಗೈ ಮೇಲೆ ಮಲಗಿಸಿ, ಬೆರಳುಗಳನ್ನು ಪೂರ್ತಿ ಬಿಚ್ಚಿದಳು. ಅದರ ಪುಟ್ಟ ಎದೆ ಪಟಪಟನೆ ಬಡಿಯುತ್ತಿತ್ತು.

ಮನೆಯ ಕಡೆಯಿಂದ ಗಂಟೆಯ ಸದ್ದು ಬರಲಿಲ್ಲ; ಆದರೂ ಅವಳ ಕಿವಿ ಅತ್ತಲೇ ಇತ್ತು.

"ಬಂದೆ," ಎಂದಳು ಮಗಳು.

ಹಕ್ಕಿ ತೆರೆದ ಅಂಗೈಯಲ್ಲಿ ಹಾಗೇ ಮಲಗಿತ್ತು.