ಹೊಲಿಗೆಗೆ ಬಿಟ್ಟ ಇಂಚು

“ಕೂರ್ತಿಲ್ಲ ಅಕ್ಕ. ಹೇಗೆ ತುರುಕಿದ್ರೂ ಕೂರ್ತಿಲ್ಲ.”

ಟೈಲರಮ್ಮನ ತಮ್ಮ ಅಲ್ಯೂಮಿನಿಯಂ ಕಂಬಿಯನ್ನು ಒಮ್ಮೆ ಓರೆಯಾಗಿ, ಒಮ್ಮೆ ನೆಟ್ಟಗೆ ಹಿಡಿದು ನೋಡಿದ. ದಡದಲ್ಲಿದ್ದ ಅವಳ ಹಾಯಿದೋಣಿಯ ಎಡಬಲದ ಸೀಟುಗಳ ನಡುವೆ ಅಡ್ಡಲಾಗಿ ಕೂರಬೇಕಿದ್ದ ಕಂಬಿ ಎರಡೂ ಕಡೆ ಎರಡೆರಡು ಇಂಚು ಹೆಚ್ಚಾಗಿತ್ತು.

“ಟೇಪು ಹಿಡಿದೇ ಅಳತೆ ತೆಗೆದಿದ್ದೆ ಕಣೋ,” ಎನ್ನುತ್ತಿದ್ದ ಟೈಲರಮ್ಮ ಅಲ್ಲಿಗೇ ನಿಲ್ಲಿಸಿ ನಾಲಿಗೆ ಕಚ್ಚಿಕೊಂಡಳು.

“ಏನಾಯ್ತು?”

“ಹೊಲಿಗೆಗೆ ಅಂತ ಸೇರಿಸಿಬಿಟ್ಟಿದ್ದೀನಿ.”

ತಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕ. “ಅಲ್ಲಕ್ಕ, ದೋಣಿ ಮುಂದಿನ ವರ್ಷ ದಪ್ಪ ಆದ್ರೆ ಬಿಚ್ಚಿ ದೊಡ್ಡದು ಮಾಡೋಣ ಅಂತಾನಾ?”

“ನಗು, ನಗು. ನಿನ್ನ ಮದುವೆ ಕೋಟಿಗೆ ಹಾಗೆ ಬಿಟ್ಟಿದ್ದಕ್ಕೇ ಇವತ್ತಿಗೂ ಗುಂಡಿ ಹಾಕ್ಕೊಳ್ತಿದ್ದೀಯ!”

ಅವಳೂ ನಕ್ಕಳು, ಆದರೆ ಕಣ್ಣು ಕಂಬಿಯ ಮೇಲೇ ಇತ್ತು. ಹೋದ ವರ್ಷ ಅಂಗಡಿಯ ಮೆಟ್ಟಿಲಲ್ಲಿ ಜಾರಿ ಬಿದ್ದಾಗಿನಿಂದ ಬಲಭುಜ ಮಾತು ಕೇಳುತ್ತಿರಲಿಲ್ಲ. ಗಾಳಿ ಜೋರಾದರೆ ಹಾಯಿಯ ಭಾರವೆಲ್ಲ ಒಂದೇ ಹಗ್ಗದ ಮೇಲೆ. ಸಡಿಲ ಬಿಡುವುದು ಸುಲಭ, ಮತ್ತೆ ಎಳೆಯುವಾಗ ಜೀವ ಹೋಗುತ್ತಿತ್ತು. ಟ್ರಾವೆಲರ್ ಎನ್ನುವ ಈ ಕಂಬಿ ಹಾಕಿದರೆ ಹಗ್ಗದ ಬುಡ ಒಂದು ಪುಟ್ಟ ಗಾಡಿಯ ಮೇಲಿರುತ್ತದೆ. ಗಾಳಿ ನುಗ್ಗಿದಾಗ ಗಾಡಿಯನ್ನು ಕಂಬಿಯ ಮೇಲೆ ಪಕ್ಕಕ್ಕೆ ಜಾರಲು ಬಿಟ್ಟು, ಆಮೇಲೆ ಸಣ್ಣ ದಾರದಿಂದ ವಾಪಸ್ ಎಳೆದುಕೊಂಡರಾಯಿತು. ಇದೂ ಆಗದಿದ್ದರೆ ದೋಣಿಯನ್ನು ಬೇರೆ ಯಾರಿಗಾದರೂ ಕೊಟ್ಟುಬಿಡುವುದೆಂದು ದಡದ ಕಾವಲುಗಾರನಿಗೆ ಹೇಳಿಯೂ ಆಗಿತ್ತು.

“ಕತ್ತರಿಸಿಬಿಡ್ತೀನಿ, ಬಿಡು,” ಎಂದು ತಮ್ಮ ಗರಗಸ ತೆಗೆದ. ಅವನು ನಲ್ಲಿ, ಪೈಪು ಕೆಲಸದವನು. ಕತ್ತರಿಸುವುದೆಂದರೆ ಅವನಿಗೆ ಹಬ್ಬ.

ಟೈಲರಮ್ಮ ಸೀಟಿನಲ್ಲಿ ಕೂತು, ಕಂಬಿ ಬರಬೇಕಿದ್ದ ತಗ್ಗಿಗೆ ಕೈ ಚಾಚಿ ನೋಡಿದಳು. ಭುಜ ಚುಳುಕ್ ಎಂದಿತು. ಅಳತೆ ತೆಗೆಯುವಾಗ ಅಗಲ ನೋಡಿದ್ದಳೇ ಹೊರತು ಹೀಗೆ ಕೂತು ಬಗ್ಗಿ ನೋಡಿರಲಿಲ್ಲ.

“ತಡಿ, ಕತ್ತರಿಸಬೇಡ! ಸೀಟಿನ ಮೇಲೇ ಇಡೋ.”

“ಮೇಲಾ?”

“ಇಡೋ ಅಂದ್ರೆ.”

ಇಟ್ಟ. ಹೆಚ್ಚಾಗಿದ್ದ ಇಂಚುಗಳು ಎರಡೂ ಸೀಟುಗಳ ಅಂಚನ್ನು ಹಿಡಿದು ಕೂತವು. ಕಂಬಿ ಅವಳ ಎಡಗೈಗೆ ತಾನಾಗಿಯೇ ಸಿಕ್ಕಿತು. ಹಿಂದಿನ ಚುಕ್ಕಾಣಿಯ ಕೋಲನ್ನು ತಮ್ಮ ಆ ಕಡೆ ಈ ಕಡೆ ಆಡಿಸಿದ. ಎಲ್ಲೂ ತಾಗಲಿಲ್ಲ.

“ಬೇಕಂತಲೇ ಮಾಡಿದೆ ಅಂತ ಊರೆಲ್ಲ ಹೇಳ್ಕೊಂಡು ಬರ್ತೀಯ ಈಗ,” ಎಂದ.

“ಹೇಳ್ದೆ ಬಿಡ್ತೀನಾ!”

ತೂತು ಕೊರೆದು, ನೀರು ಇಳಿಯದಂತೆ ಸುತ್ತ ಅಂಟು ಮೆತ್ತಿದರು. ದೋಣಿಯನ್ನು ತೇಲಿಸುವ, ಸೀಟಿನಡಿಯ ಗಾಳಿಪೆಟ್ಟಿಗೆಯ ದುಂಡನೆ ಮುಚ್ಚಳ ತೆಗೆದ ಕಿಂಡಿಯಲ್ಲಿ ತಮ್ಮನ ಕೈ ಮೊಣಕೈವರೆಗೂ ಹೋಗಲಿಲ್ಲ. ಅವಳ ಕೈ ಸಲೀಸಾಗಿ ಹೋಯಿತು. ಒಳಗೆ ಕಾಣದ ಕತ್ತಲೆಯಲ್ಲಿ ಬೆರಳುಗಳೇ ನಟ್ಟು ಹುಡುಕಿ ಹಿಡಿದವು. “ಬಿಟ್ಟೀಯಾ ಅಕ್ಕ!” ಎಂದು ಅವನು ಮೇಲಿನಿಂದ ಬೋಲ್ಟು ತಿರುಗಿಸುತ್ತಲೇ ಇದ್ದ. “ನಿನ್ನ ಬಾಯಿ ಬಿಗಿ ಮಾಡು ಮೊದಲು,” ಎಂದಳು ಅವಳು.

ಅಂಟು ಒಣಗಿದ ಮರುದಿನ ಸಂಜೆ ನೀರಿಗಿಳಿದರು. ದಡ ದೂರವಾಗುತ್ತಿದ್ದಂತೆ ಗಾಳಿ ಪಕ್ಕದಿಂದ ಬಂದು ಹಾಯಿಯನ್ನು ಹಿಡಿಯಿತು, ದೋಣಿ ವಾಲಿತು. ಮುಂದೆ ಕೂತಿದ್ದ ತಮ್ಮ ಹಗ್ಗಕ್ಕೆ ಕೈ ಹಾಕಲು ಎದ್ದ.

“ಕೂತ್ಕೋ.”

ಅವಳು ದಾರ ಸಡಿಲಿಸಿದಳು. ಗಾಡಿ ಸರ್ರನೆ ಕಂಬಿಯ ಆ ತುದಿಗೆ ಜಾರಿತು, ದೋಣಿ ನೆಟ್ಟಗಾಯಿತು. ಎಡಗೈಯಿಂದ ದಾರ ಎಳೆದಳು. ಗಾಡಿ ಬಂತು. ಬಲಭುಜ ಸುಮ್ಮನಿತ್ತು.

ತಮ್ಮ ಬೇಕಂತಲೇ ಬೇರೆ ಕಡೆ ನೋಡುತ್ತ ಕೇಳಿದ, “ಕತ್ತಲಾಗ್ತಿದೆ. ತಿರುಗಿಸೋಣ್ವಾ?”

“ಆ ಕೆಂಪು ತೇಲುಗುಂಡಿನವರೆಗೆ ಹೋಗಿ ಬರೋಣ.”

ನೀರಿನಲ್ಲಿ ಗುರುತಿಗೆ ಬಿಟ್ಟ ಆ ಗುಂಡು ದೂರದಲ್ಲಿ ತೇಲುತ್ತಿತ್ತು. ಒಂದು ಸಣ್ಣ ಅಲೆ ಚಿಮ್ಮಿ ಕಂಬಿಯನ್ನು ಒದ್ದೆ ಮಾಡಿತು. ಗಾಡಿ ಅದರ ಮೇಲೆ ಉರುಳಿ, ಹಿಂದೆ ಎರಡು ತೆಳ್ಳನೆಯ ಗೆರೆ ಬಿಟ್ಟುಹೋಯಿತು.